ಚಿಲಕ ಹಾಕುವುದು ಕೊನೆಯ ಪಾಠ: ನಾಯಿಯನ್ನು ಕ್ರೇಟಿಗೆ ಒಗ್ಗಿಸುವ ಸಮಗ್ರ ಮಾರ್ಗದರ್ಶಿ

ನಾಯಿಮರಿಗೆಂದು ಕ್ರೇಟ್, ಅಂದರೆ ಬಾಗಿಲು ಚಿಲಕವಿರುವ ಪಂಜರದಂಥ ಗೂಡು, ತಂದವರಲ್ಲಿ ಹೆಚ್ಚಿನವರು ಮೊದಲ ದಿನವೇ ಮರಿಯನ್ನು ಎತ್ತಿ ಒಳಗೆ ಬಿಟ್ಟು ಚಿಲಕ ಹಾಕಿಬಿಡುತ್ತಾರೆ. ಮರಿ ರಾತ್ರಿಯಿಡೀ ಅರಚುತ್ತದೆ, ಮನೆಯವರಿಗೆ ನಿದ್ದೆ ಕೆಡುತ್ತದೆ, ಪಕ್ಕದ ಮನೆಯವರು ಮುಖ ಗಂಟಿಕ್ಕುತ್ತಾರೆ, ನಾಲ್ಕು ದಿನ ಕಳೆಯುವಷ್ಟರಲ್ಲಿ ಸಾವಿರಾರು ರೂಪಾಯಿಯ ಕ್ರೇಟ್ ಅಟ್ಟ ಸೇರುತ್ತದೆ. ಇಲ್ಲಿ ತಪ್ಪಿರುವುದು ಪಾಠಗಳ ಅನುಕ್ರಮ. ಒಳಗೆ ಹೋಗುವುದು, ಒಳಗೆ ತಿನ್ನುವುದು, ಒಳಗೆ ಮಲಗುವುದು, ಇವೆಲ್ಲವನ್ನೂ ನಾಯಿ ಬಾಗಿಲು ತೆರೆದಿರುವಾಗಲೇ ತಾನಾಗಿ ಕಲಿಯಬೇಕು. ಬಾಗಿಲು ಮುಚ್ಚುವುದು ಅವೆಲ್ಲ ಮುಗಿದ ಮೇಲೆ ಬರುವ ಪಾಠ. ಈ ಮಾರ್ಗದರ್ಶಿ ಅದೇ ಅನುಕ್ರಮದಲ್ಲಿ ಸಾಗುತ್ತದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಮನೆ, ಬಿಸಿಲು ಮತ್ತು ದಿನಚರಿಗೆ ತಕ್ಕಂತೆ ಬದಲಿಸಿಕೊಳ್ಳಬೇಕಾದ ಸಂಗತಿಗಳನ್ನು ಅಲ್ಲಲ್ಲಿಯೇ ಹೇಳಲಾಗಿದೆ.

ಕ್ರೇಟ್ ಯಾವುದಕ್ಕೆ, ಯಾವುದಕ್ಕಲ್ಲ

ಮರಿಗಳು ದಿನದಲ್ಲಿ 18ರಿಂದ 20 ಗಂಟೆಯಷ್ಟು ನಿದ್ರಿಸುತ್ತವೆ. ಜನ ಓಡಾಡುವ ಹಜಾರದಲ್ಲಿ ಮಕ್ಕಳು ಆಗಾಗ ಎತ್ತಿ ಆಡಿಸುತ್ತಿದ್ದರೆ ಆ ನಿದ್ದೆ ಸಿಗುವುದಿಲ್ಲ. ನಿದ್ದೆಗೆಟ್ಟ ಮರಿ ಕೈಕಾಲು ಕಚ್ಚುವುದು ಹೆಚ್ಚು. ಯಾರೂ ಕೈ ಹಾಕದ ಒಂದು ಮೂಲೆ ಅದಕ್ಕೆ ಬೇಕು, ಕ್ರೇಟ್ ಆ ಮೂಲೆ. ಸಂತಾನಹರಣ ಶಸ್ತ್ರಚಿಕಿತ್ಸೆಯ ನಂತರ ಹೊಲಿಗೆ ಒಣಗುವ ತನಕ ನಾಯಿಯನ್ನು ಜಿಗಿಯದಂತೆ ಇಡಲು, ಕಾರಿನಲ್ಲಿ ಕರೆದೊಯ್ಯಲು, ಮಲಮೂತ್ರದ ಶಿಸ್ತು ಕಲಿಸಲು ಸಹ ಅದು ನೆರವಾಗುತ್ತದೆ. ಮಲಗುವ ಜಾಗವನ್ನು ಹೊಲಸು ಮಾಡಿಕೊಳ್ಳಲು ನಾಯಿ ಸಾಮಾನ್ಯವಾಗಿ ಹಿಂಜರಿಯುವುದೇ ಈ ಶಿಸ್ತಿನ ಹಿಂದಿನ ಗುಟ್ಟು.

ಆದರೆ ಸರಪಳಿಯ ಬದಲಿಗೆ ಕ್ರೇಟ್ ಎಂದು ಭಾವಿಸಿ, ನಾಯಿಯನ್ನು ದಿನವಿಡೀ ಒಳಗಿಡುವ ಯೋಚನೆಯಿದ್ದರೆ ಕ್ರೇಟ್ ಕೊಳ್ಳದಿರುವುದೇ ಲೇಸು. ಬಂಗಾರಪೇಟೆಯಲ್ಲೋ ಮಾಲೂರಿನಲ್ಲೋ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುವವರ ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೆ, ಹತ್ತು ಹನ್ನೆರಡು ಗಂಟೆಯ ಆ ಅವಧಿಗೆ ಕ್ರೇಟ್ ಪರಿಹಾರವೇ ಅಲ್ಲ. ನಡುವೆ ಬಂದು ಹೊರಗೆ ಬಿಡುವ ಒಬ್ಬರು ಬೇಕು, ಇಲ್ಲವೇ ನಾಯಿ ಓಡಾಡಬಲ್ಲ ಒಂದು ಕೋಣೆ ಬೇಕು. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಮು ಕೂಡ, ಚಲನೆಗೆ ಅವಕಾಶವಿಲ್ಲದಷ್ಟು ಇಕ್ಕಟ್ಟಾದ ಪಂಜರದಲ್ಲಿ ಪ್ರಾಣಿಯನ್ನು ಇಡುವುದನ್ನೂ, ತೀರಾ ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಹೊತ್ತುಗೊತ್ತಿಲ್ಲದೆ ಕಟ್ಟಿಹಾಕುವುದನ್ನೂ ಕ್ರೌರ್ಯವೆಂದೇ ಪರಿಗಣಿಸುತ್ತದೆ. ಹಳ್ಳಿಗಳಲ್ಲಿ ಮರಿಯನ್ನು ಮಂಕರಿಯ ಕೆಳಗೋ ಮಗುಚಿದ ಟೊಮೆಟೊ ಕ್ರೇಟಿನ ಕೆಳಗೋ ಮುಚ್ಚಿ ಮೇಲೆ ಕಲ್ಲು ಹೇರುವ ರೂಢಿಯುಂಟು. ಅದರಿಂದ ಮರಿ ಕಲಿಯುವುದು ಒಂದನ್ನೇ: ಮುಚ್ಚಿದ ಜಾಗವೆಂದರೆ ಭಯ. ಅಂಥ ಅನುಭವವಾದ ಮರಿಗೆ ಕ್ರೇಟ್ ರೂಢಿ ಮಾಡಿಸಲು ಹೆಚ್ಚು ಕಾಲ ಹಿಡಿಯುತ್ತದೆ.

ಅಳತೆ, ಬಗೆ

ನಾಯಿ ತಲೆ ತಗ್ಗಿಸದೆ ನಿಲ್ಲುವಂತಿರಬೇಕು, ಒಂದು ಸುತ್ತು ತಿರುಗುವಂತಿರಬೇಕು, ಕಾಲು ಚಾಚಿ ಪಕ್ಕಕ್ಕೆ ಒರಗಿ ಮಲಗುವಂತಿರಬೇಕು. ನಾಯಿಯನ್ನು ನಿಲ್ಲಿಸಿ ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಅಳೆದು ಸುಮಾರು 10 ಸೆಂಟಿಮೀಟರ್ ಸೇರಿಸಿದರೆ ಉದ್ದ ಸಿಗುತ್ತದೆ; ಕೂರಿಸಿ ನೆಲದಿಂದ ನೆತ್ತಿಯವರೆಗೆ ಅಳೆದು ಅಷ್ಟನ್ನೇ ಸೇರಿಸಿದರೆ ಎತ್ತರ. ನಿಮಿರಿದ ಕಿವಿಯ ನಾಯಿಯಾದರೆ ಕಿವಿಯನ್ನೂ ಸೇರಿಸಿ ಅಳೆಯಬೇಕು. ಮಾರುಕಟ್ಟೆಯಲ್ಲಿ ಕ್ರೇಟುಗಳು 24, 30, 36, 42, 48 ಇಂಚಿನ ಉದ್ದದಲ್ಲಿ ಸಿಗುತ್ತವೆ. ಪಗ್, ಶಿಟ್ಜು ನಾಯಿಗಳಿಗೆ 24 ಅಥವಾ 30, ನಮ್ಮ ಬೀದಿಯ ದೇಸಿ ನಾಯಿಗೆ ಬಹುಮಟ್ಟಿಗೆ 36, ಲ್ಯಾಬ್ರಡಾರಿಗೆ 42, ಉದ್ದ ಕಾಲಿನ ಮುಧೋಳ ನಾಯಿಗೆ 48 ಹೊಂದಬಹುದು. ಆದರೂ ತಳಿ ನೋಡಿ ಕೊಳ್ಳುವುದಕ್ಕಿಂತ ಟೇಪು ಹಿಡಿದು ಅಳೆದೇ ಕೊಳ್ಳುವುದು ಒಳ್ಳೆಯದು.

ಬೆಳೆಯುವ ಮರಿಗೆ ದೊಡ್ಡ ಅಳತೆಯದನ್ನೇ ತಂದು, ಒಳಗೆ ಅಡ್ಡ ತಡಿಕೆ ಹಾಕಿ ಜಾಗವನ್ನು ಚಿಕ್ಕದು ಮಾಡುವುದು ಉಳಿತಾಯದ ದಾರಿ. ಜಾಗ ಅತಿಯಾದರೆ ಮರಿ ಒಂದು ಕೊನೆಯಲ್ಲಿ ಮಲಗಿ ಇನ್ನೊಂದು ಕೊನೆಯಲ್ಲಿ ಉಚ್ಚೆ ಹೊಯ್ಯುತ್ತದೆ. ಮೂರು ಬಗೆಯ ಕ್ರೇಟುಗಳಲ್ಲಿ ನಮ್ಮ ಬಯಲುಸೀಮೆಗೆ ತಂತಿಯದೇ ಸರಿ, ಏಕೆಂದರೆ ಗಾಳಿ ಎಲ್ಲ ಕಡೆಯಿಂದ ಆಡುತ್ತದೆ. ಪ್ಲಾಸ್ಟಿಕ್ಕಿನದು ಪ್ರಯಾಣಕ್ಕೆ ಅನುಕೂಲ, ಬಟ್ಟೆಯದನ್ನು ಮರಿ ಒಂದು ಮಧ್ಯಾಹ್ನದಲ್ಲಿ ಹರಿದುಹಾಕುತ್ತದೆ.

ಬಳಸಿದ ಕ್ರೇಟ್ ಕೊಳ್ಳುವವರು, ಮರಿಗಳಿಗೆ ಪ್ರಾಣ ತೆಗೆಯುವಂಥ ವಾಂತಿಭೇದಿ ತರುವ ಪಾರ್ವೊ ವೈರಾಣುವನ್ನು ಮರೆಯಬಾರದು. ಅದು ಕ್ರೇಟಿನ ತಳದ ಟ್ರೇಯಲ್ಲಿ, ತಂತಿಯ ಸಂದುಗಳಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ಸಾಬೂನು ನೀರಿಗೆ ಅದು ಸಾಯುವುದಿಲ್ಲ. ಮೊದಲು ಸಾಬೂನಿನಿಂದ ಕೊಳೆ ತೆಗೆದು, ಮನೆಬಳಕೆಯ ದ್ರವ ಬ್ಲೀಚನ್ನು ಒಂದು ಪಾಲಿಗೆ 30 ಪಾಲು ನೀರಿನಂತೆ ಬೆರೆಸಿ ಬಳಿದು, ಹತ್ತು ನಿಮಿಷ ಹಾಗೆಯೇ ಬಿಟ್ಟು, ಚೆನ್ನಾಗಿ ತೊಳೆದು ಬಿಸಿಲಿಗೆ ಒಣಗಿಸಬೇಕು. ವಾಸನೆ ಪೂರ್ತಿ ಹೋದ ಮೇಲೆಯೇ ನಾಯಿಯನ್ನು ಹತ್ತಿರ ಬಿಡಬೇಕು.

ಎಲ್ಲಿಡಬೇಕು

ಮನೆಯವರು ಕುಳಿತೇಳುವ ಕೋಣೆಯಲ್ಲಿ, ಆದರೆ ಓಡಾಟದ ದಾರಿಗೆ ಅಡ್ಡವಾಗದಂತೆ, ಗೋಡೆಗೆ ಒಂದೆರಡು ಬದಿ ಒರಗಿಸಿ ಇಡುವುದು ಉತ್ತಮ. ಟಿವಿಯ ಪಕ್ಕ, ಮಿಕ್ಸಿ ತಿರುಗುವ ಅಡುಗೆಮನೆಯ ಬಾಗಿಲು, ಬೀದಿ ಕಾಣುವ ಕಿಟಕಿ, ಇವು ಬೇಡ. ತಗಡಿನ ಅಥವಾ ಸಿಮೆಂಟ್ ಶೀಟಿನ ಮಾಡಿನ ಕೆಳಗೆ, ಪಡುವಣ ಬಿಸಿಲು ಬೀಳುವ ಜಗಲಿಯಲ್ಲಿ ಖಂಡಿತ ಇಡಬಾರದು. ಈ ಮೂರು ಜಿಲ್ಲೆಗಳಲ್ಲಿ ಏಪ್ರಿಲ್ ಹೊತ್ತಿಗೆ ಪಾದರಸ 35 ಡಿಗ್ರಿ ದಾಟುವುದು ಸಾಮಾನ್ಯ. ಪಾವಗಡ, ಗೌರಿಬಿದನೂರು ಕಡೆ ಬಿಸಿಲು ಇನ್ನೂ ಬಿರುಸು. ನಾಯಿಯ ಸಹಜ ಮೈಬಿಸಿಯೇ 38ರಿಂದ 39 ಡಿಗ್ರಿಯಷ್ಟು, ಬೆವರಿ ಮೈ ತಣಿಸಿಕೊಳ್ಳುವ ಶಕ್ತಿ ಅದಕ್ಕೆ ಬಹಳ ಕಡಿಮೆ, ತೇಕಿಯೇ ಬಿಸಿ ಹೊರಹಾಕಬೇಕು. ಕರೆಂಟು ಹೋಗಿ ಫ್ಯಾನು ನಿಂತ ಕೋಣೆಯಲ್ಲಿ, ಮುಚ್ಚಿದ ಕ್ರೇಟಿನೊಳಗೆ, ಮೊಂಡು ಮೂಗಿನ ಪಗ್ ನಾಯಿಗೆ ಇದು ಪ್ರಾಣಕ್ಕೇ ಕುತ್ತು. ಆದ್ದರಿಂದ ಬೇಸಿಗೆಯ ನಡುಹಗಲು ಮನೆಯಲ್ಲಿ ಯಾರೂ ಇಲ್ಲದಾಗ ಚಿಲಕ ಹಾಕುವ ಮಾತೇ ಇರಬಾರದು.

ರೆಡ್ ಆಕ್ಸೈಡ್ ಅಥವಾ ಕಡಪ ಕಲ್ಲಿನ ನೆಲವಿದ್ದರೆ ಬೇಸಿಗೆಯಲ್ಲಿ ಟ್ರೇ ತೆಗೆದು ತೆಳುವಾದ ಹಳೆಯ ಹತ್ತಿ ಸೀರೆಯನ್ನು ಮಡಚಿ ಹಾಸಿದರೆ ಸಾಕು, ನೆಲದ ತಂಪು ಮೈಗೆ ತಾಗುತ್ತದೆ. ನಂದಿ ಬೆಟ್ಟದ ಸುತ್ತಿನ ಊರುಗಳಲ್ಲಿ ಡಿಸೆಂಬರ್, ಜನವರಿಯ ರಾತ್ರಿಗೆ ಕಂಬಳಿ ಬೇಕು. ಮೂರು ಬದಿ ಹೊದಿಸಿ ಮುಂಬದಿ ತೆರೆದಿಡಬೇಕು. ತೆಂಗಿನ ನಾರಿನ ಚಾಪೆ, ಸ್ಪಂಜಿನ ಹಾಸಿಗೆಗಳನ್ನು ಮರಿ ಕಿತ್ತು ನುಂಗುವ ಸಂಭವವಿದೆ.

ಅಂಗಳದಲ್ಲಿ ಇಡಬಹುದೇ ಎಂದು ತೋಟದ ಮನೆಯವರು ಕೇಳುತ್ತಾರೆ. ಇಡಬಾರದು. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಚಿರತೆ ಊರಂಚಿಗೆ ಬಂದು ನಾಯಿಯನ್ನು ಹೊತ್ತೊಯ್ಯುವುದು ಹೊಸದಲ್ಲ, ತೆಳು ತಂತಿಯ ಕ್ರೇಟ್ ಅದಕ್ಕೆ ಲೆಕ್ಕವೂ ಅಲ್ಲ. ಒಳಗಿರುವ ನಾಯಿಗೆ ಓಡಲೂ ದಾರಿಯಿರುವುದಿಲ್ಲ.

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ಸಾಕಣೆಯ ಮನೆಗಳಿಗೆ ಇನ್ನೊಂದು ಎಚ್ಚರಿಕೆ. ನಾಯಿಯ ಮೈಗೂ ಕ್ರೇಟಿನ ಹಾಸಿಗೂ ಹೊಡೆಯುವ ಉಣ್ಣೆಯ (ರಕ್ತ ಹೀರುವ ಉಣುಗಿನ) ಔಷಧಗಳು ಕೀಟನಾಶಕಗಳೇ. ಅವುಗಳ ಸೋಂಕು ತಗುಲಿದರೂ ರೇಷ್ಮೆಹುಳು ಸಾಯುತ್ತದೆ. ಔಷಧ ಹಾಕಿದ ಕೈಯಲ್ಲಿ ಸೊಪ್ಪು ಮುಟ್ಟಬಾರದು, ಕ್ರೇಟನ್ನು ಹುಳುಮನೆಯಿಂದ ದೂರವಿಡಬೇಕು. ಹುಳುಮನೆಯನ್ನು ಬ್ಲೀಚಿಂಗ್ ಪುಡಿ, ಫಾರ್ಮಲಿನ್‌ಗಳಿಂದ ಶುದ್ಧಿ ಮಾಡುವ ದಿನಗಳಲ್ಲಿ ಆ ಘಾಟು ನಾಯಿಗೆ ಆಗದು, ಆಗಲೂ ಅಂತರ ಬೇಕು.

ತಿನಿಸಿನ ಸಿದ್ಧತೆ

ಪಾಠಕ್ಕೆ ಬಳಸುವ ತಿನಿಸು ಕಡಲೆಕಾಳಿನಷ್ಟೇ ಇರಲಿ, ಆದರೆ ದಿನದ ಊಟಕ್ಕಿಂತ ರುಚಿಯದಾಗಿರಲಿ. ಉಪ್ಪು, ಮಸಾಲೆ, ಈರುಳ್ಳಿ ಸೋಕದ ಬೇಯಿಸಿದ ಕೋಳಿ, ಬೆಂದ ಮೊಟ್ಟೆಯ ಚೂರು, ಪನೀರ್ ಸಾಕು. ಬೆಂದ ಮೂಳೆ ಸೀಳಿ ಕರುಳಿಗೆ ಚುಚ್ಚುವುದರಿಂದ ಅದು ಬೇಡ. ಚಿಕ್ಕಬಳ್ಳಾಪುರದಲ್ಲಿ ದ್ರಾಕ್ಷಿ ಕೈಗೆಟುಕುವಷ್ಟು ಹತ್ತಿರವಿರುತ್ತದೆ, ಮಕ್ಕಳು ಒಂದೆರಡು ಹಣ್ಣು ಹಾಕಿಬಿಡುತ್ತಾರೆ. ದ್ರಾಕ್ಷಿಯಾಗಲಿ ಒಣದ್ರಾಕ್ಷಿಯಾಗಲಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲವು, ಒಂದನ್ನೂ ಕೊಡಕೂಡದು. ಉದುರಿದ ಚೂರಿಗೆ ಇರುವೆ ಸಾಲುಗಟ್ಟಿದರೆ ಒದ್ದೆ ಬಟ್ಟೆಯಿಂದ ಒರೆಸಬೇಕೇ ಹೊರತು, ಕ್ರೇಟಿನ ಸುತ್ತ ಇರುವೆ ಸೀಮೆಸುಣ್ಣ ಎಳೆಯಬಾರದು. ಅದು ವಿಷ, ಮರಿ ನೆಕ್ಕುತ್ತದೆ.

ಬಾಗಿಲು ತೆರೆದಿರುವ ದಿನಗಳು

ಕ್ರೇಟನ್ನು ಜೋಡಿಸುವಾಗ ನಾಯಿ ಹತ್ತಿರವಿಲ್ಲದಿದ್ದರೆ ಒಳಿತು. ತಂತಿ ಬಡಿಯುವ ಸದ್ದೇ ಮೊದಲ ನೆನಪಾಗಬಾರದು. ಜೋಡಿಸಿದ ಮೇಲೆ ಬಾಗಿಲನ್ನು ಪೂರ್ತಿ ತೆರೆದು ದಾರದಿಂದ ಬಿಗಿಯಾಗಿ ಕಟ್ಟಿ. ಈ ದಾರವನ್ನು ಸಣ್ಣ ವಿಷಯವೆಂದು ಬಿಡುವಂತಿಲ್ಲ: ಒಳಗೆ ಕಾಲಿಟ್ಟ ಮರಿಯ ಬೆನ್ನಿಗೆ ಬಾಗಿಲು ತಾನಾಗಿ ಬಂದು ತಾಗಿದರೆ ಒಂದು ವಾರದ ಕೆಲಸ ಒಂದು ಕ್ಷಣದಲ್ಲಿ ಕೆಡುತ್ತದೆ.

ಮೊದಲು ಕ್ರೇಟಿನ ಸುತ್ತಮುತ್ತ, ಆಮೇಲೆ ಹೊಸ್ತಿಲಿನ ಹತ್ತಿರ, ಆಮೇಲೆ ಹೊಸ್ತಿಲಿನ ಒಳಗೆ ಒಂದು ಗೇಣು ದೂರಕ್ಕೆ ತಿನಿಸು ಹಾಕಿ ನೀವು ದೂರ ಸರಿದು ಕುಳಿತುಕೊಳ್ಳಿ. ಕರೆಯಬೇಡಿ, ತಳ್ಳಬೇಡಿ, ಬೆಲ್ಟು ಹಿಡಿದು ಎಳೆಯಬೇಡಿ. ಈಗ ನಾಯಿಯ ಮೈಯನ್ನು ಗಮನಿಸಿ. ಅಂಜುವ ನಾಯಿ ಮುಂಗಾಲೆರಡನ್ನೇ ಒಳಗಿಟ್ಟು, ಹಿಂಗಾಲುಗಳನ್ನು ಹೊರಗೆ ಊರಿ, ಕುತ್ತಿಗೆಯನ್ನು ಆದಷ್ಟೂ ಉದ್ದ ಮಾಡಿ ಚೂರನ್ನು ಕಚ್ಚಿಕೊಂಡು, ಹಿಮ್ಮುಖವಾಗಿ ಹೊರಬಂದು ಎರಡು ಮಾರು ದೂರದಲ್ಲಿ ನಿಂತು ಅಗಿಯುತ್ತದೆ. ಅಗಿಯುವಾಗಲೂ ಕಣ್ಣು ಕ್ರೇಟಿನ ಮೇಲೆಯೇ ಇರುತ್ತದೆ. ಇದನ್ನು ಸೋಲೆಂದು ತಿಳಿಯಬಾರದು. ಹಿಂದೆ ಸರಿಯಲು ದಾರಿಯಿದೆ ಎಂಬುದನ್ನು ಅದು ಪರೀಕ್ಷಿಸುತ್ತಿದೆ, ಆ ಪರೀಕ್ಷೆ ಹಲವು ಸಲ ಗೆದ್ದ ಮೇಲೆಯೇ ಹಿಂಗಾಲು ಒಳಗೆ ಬರುತ್ತದೆ. ಒಂದು ದಿನ ಅದು ಚೂರನ್ನು ಒಳಗೇ ನಿಂತು ಅಗಿದು, ಇನ್ನೊಂದು ಸಿಗಬಹುದೇ ಎಂದು ತಿರುಗಿ ನಿಮ್ಮ ಮುಖ ನೋಡುತ್ತದೆ. ಹಾಗೆ ತಿರುಗಿ ನೋಡಿದ ದಿನ ಮೊದಲ ಹಂತ ಮುಗಿಯಿತೆಂದು ತಿಳಿಯಬಹುದು. ಕೆಲವು ಮರಿಗಳಿಗೆ ಇದಕ್ಕೆ ಒಂದು ಸಂಜೆ ಸಾಕು, ಬೀದಿಯಿಂದ ತಂದ ದೊಡ್ಡ ನಾಯಿಗೆ ವಾರಗಳೇ ಹಿಡಿಯಬಹುದು.

ಈ ಹೊತ್ತಿನಲ್ಲಿ ಭಯದ ಸೂಚನೆಗಳನ್ನು ಓದಲು ಕಲಿಯಬೇಕು. ಹಸಿವಿದ್ದೂ ತಿನಿಸು ಬಿಡುವುದು, ನಿದ್ದೆಯಿಲ್ಲದೆ ಆಕಳಿಸುವುದು, ಮತ್ತೆ ಮತ್ತೆ ತುಟಿ ನೆಕ್ಕಿಕೊಳ್ಳುವುದು, ಕಿವಿ ಹಿಂದಕ್ಕೆ ಅಂಟಿಸುವುದು, ಸೆಕೆಯಿಲ್ಲದೆ ತೇಕುವುದು, ತಲೆ ತಿರುಗಿಸದೆ ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು, ಇವು ಕಂಡರೆ ನೀವು ಅವಸರ ಮಾಡಿದ್ದೀರಿ. ಹಿಂದಿನ ಹಂತಕ್ಕೆ ಮರಳಿ.

ನಾಯಿ ನಿರಾಳವಾಗಿ ಒಳಹೊಗುವಂತಾದ ಮೇಲೆ ಊಟದ ತಟ್ಟೆಯನ್ನೇ ಒಳಗಿಡಿ, ದಿನದಿನಕ್ಕೆ ಹಿಂದಿನ ಗೋಡೆಯತ್ತ ಸರಿಸಿ. ಒಂದು ಮಾತನ್ನೂ ಈಗಲೇ ಜೋಡಿಸಿ. 'ಗೂಡಿಗೆ' ಎಂಬುದು ಚಿಕ್ಕದಾಗಿದೆ, ಮನೆಯ ಬೇರೆ ಮಾತುಗಳ ನಡುವೆ ಬೆರೆಯುವುದಿಲ್ಲ. ಮನೆಯವರೆಲ್ಲ ಒಂದೇ ಮಾತು ಬಳಸಬೇಕು. ಅಜ್ಜಿ ಒಂದು, ಮಕ್ಕಳು ಇನ್ನೊಂದು ಹೇಳಿದರೆ ನಾಯಿಗೆ ಎರಡೂ ತಲೆಗೆ ಹೋಗುವುದಿಲ್ಲ. ನಾಯಿ ಒಳಗೆ ಹೆಜ್ಜೆಯಿಡುವ ಮುನ್ನ ಆ ಮಾತನ್ನು ಒಮ್ಮೆ ಹೇಳಿ, ಹೋದ ಮೇಲೆ ತಿನಿಸು ಕೊಡಿ. ತಪ್ಪು ಮಾಡಿದಾಗ ಅದೇ ಮಾತನ್ನು ಗದರಿಸಿ ಹೇಳಿ ಒಳಗೆ ಅಟ್ಟುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ನಾಯಿ ಒಳಗಿರುವಾಗ ಮಕ್ಕಳು ಕೈ ಹಾಕಿ ಎಳೆಯುವುದನ್ನು, ತಂತಿಗೆ ಕೋಲು ಆಡಿಸುವುದನ್ನು ಮನೆಯಲ್ಲಿ ಕಟ್ಟುನಿಟ್ಟಾಗಿ ನಿಷೇಧಿಸಬೇಕು.

ಮುಂದಿನದು ಮಲಗುವುದು. ಸಂಜೆಯ ಓಡಾಟ, ಮಲಮೂತ್ರ, ಊಟ ಮುಗಿದು ನಾಯಿ ಬಳಲಿರುವಾಗ ಅಗಿಯುವ ಆಟಿಕೆಯೊಂದನ್ನು ಒಳಗಿಟ್ಟು, ನೀವು ಪಕ್ಕದಲ್ಲಿ ಪತ್ರಿಕೆ ಓದುತ್ತಾ ಕುಳಿತರೆ ಅದು ತಾನಾಗಿ ಒರಗುತ್ತದೆ. ಒಳಗೊಂದಿಷ್ಟು ಮೊಸರು ಸವರಿ ಗಟ್ಟಿಯಾಗುವಂತೆ ಫ್ರಿಜ್ಜಿನಲ್ಲಿಟ್ಟ ರಬ್ಬರ್ ಆಟಿಕೆ ಬೇಸಿಗೆಗೆ ಬಹಳ ಒಳ್ಳೆಯದು.

ಚಿಲಕದ ಪಾಠ

ಈಗ ಬಾಗಿಲು. ಮೊದಲು ಕುತ್ತಿಗೆಯ ಬೆಲ್ಟನ್ನು ಬಿಚ್ಚಿ, ಏಕೆಂದರೆ ಬಿಲ್ಲೆ, ಬಳೆ ತಂತಿಗೆ ಸಿಕ್ಕಿಕೊಂಡರೆ ಉಸಿರುಗಟ್ಟುತ್ತದೆ. ನಾಯಿ ಒಳಗೆ ತಿನ್ನುತ್ತಿರುವಾಗ ಬಾಗಿಲನ್ನು ಅರ್ಧ ತಳ್ಳಿ, ಮತ್ತೆ ತೆರೆಯಿರಿ. ನಂತರ ಪೂರ್ತಿ ತಳ್ಳಿ, ಚಿಲಕ ಹಾಕದೆ, ತೆರೆಯಿರಿ. ಹಲವು ನಾಯಿಗಳು ಮುಚ್ಚಿದ ಬಾಗಿಲಿಗಿಂತ ಚಿಲಕದ 'ಟಕ್' ಎಂಬ ಸದ್ದಿಗೇ ಬೆಚ್ಚುತ್ತವೆ. ಅಂಥ ನಾಯಿಗೆ ಬಾಗಿಲು ತೆರೆದಿರುವಾಗಲೇ ಚಿಲಕವನ್ನು ಆಡಿಸಿ ಒಂದು ಚೂರು ಕೊಡಿ, ಮತ್ತೆ ಆಡಿಸಿ ಇನ್ನೊಂದು ಕೊಡಿ. ಸದ್ದು ಕೇಳಿದೊಡನೆ ತಿನಿಸಿಗಾಗಿ ಕತ್ತು ತಿರುಗಿಸುವಂತಾದ ಮೇಲೆ ಚಿಲಕ ಹಾಕಬಹುದು. ತುಕ್ಕು ಹಿಡಿದ ಚಿಲಕಕ್ಕೆ ಎರಡು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟರೆ ಸದ್ದೂ ಇಳಿಯುತ್ತದೆ.

ಐದು ಸೆಕೆಂಡು, ಹತ್ತು ಸೆಕೆಂಡು, ಅರ್ಧ ನಿಮಿಷ, ಎರಡು ನಿಮಿಷ, ಹೀಗೆ ಹೆಚ್ಚಿಸಬೇಕು. ಪ್ರತಿ ಸಲವೂ ಹಿಂದಿನದಕ್ಕಿಂತ ಉದ್ದವಾಗಬಾರದು. ನಡುವೆ ಸುಲಭದ ಸುತ್ತುಗಳು ಬಂದರೆ ನಾಯಿ ಮುಂದಿನದನ್ನು ಭಯದಿಂದ ಕಾಯುವುದಿಲ್ಲ. ಹತ್ತು ನಿಮಿಷ ನೆಮ್ಮದಿಯಾಗಿ ಕಳೆದ ಮೇಲೆ ನೀವು ಎದ್ದು ಪಕ್ಕದ ಕೋಣೆಗೆ ಹೋಗಿ ಬನ್ನಿ. ಆಮೇಲೆ ಚಪ್ಪಲಿ ಮೆಟ್ಟಿ, ಬೀಗದ ಕೈ ಹಿಡಿದು, ಮುಂಬಾಗಿಲ ಹೊರಗೆ ಹೋಗಿ ಕೂಡಲೇ ಒಳಬನ್ನಿ. ಹೊರಡುವಾಗ ಮುದ್ದುಮಾತು, ಬಂದಾಗ ಸಂಭ್ರಮ ಎರಡೂ ಬೇಡ.

ಹಗಲಿನಲ್ಲಿ ಒಂದೇ ಸಮನೆ ಇಡಬಹುದಾದ ಗರಿಷ್ಠ ಅವಧಿಯನ್ನು ವಯಸ್ಸಿನ ಮೇಲೆ ಲೆಕ್ಕ ಹಾಕಬೇಕು. ಎರಡು ತಿಂಗಳ ಮರಿಗೆ ಅರ್ಧದಿಂದ ಒಂದು ಗಂಟೆ, ಮೂರು ತಿಂಗಳಿನದಕ್ಕೆ ಎರಡು ಗಂಟೆಯ ಆಸುಪಾಸು, ನಾಲ್ಕು ತಿಂಗಳಿನದಕ್ಕೆ ಮೂರು. ಪೂರ್ತಿ ಬೆಳೆದ ನಾಯಿಗೂ ನಾಲ್ಕೈದು ಗಂಟೆ ಮೀರಬಾರದು.

ರಾತ್ರಿ ಮತ್ತು ಅಳು

ಮೊದಮೊದಲ ರಾತ್ರಿಗಳಲ್ಲಿ ಕ್ರೇಟನ್ನು ನೀವು ಮಲಗುವ ಕೋಣೆಗೇ ತನ್ನಿ, ಆಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಅದರ ಕಾಯಂ ಜಾಗಕ್ಕೆ ಸರಿಸಬಹುದು. ತಾಯಿಯನ್ನು ಬಿಟ್ಟು ಬಂದ ಮರಿಗೆ ಮನುಷ್ಯರ ಉಸಿರಾಟದ ಸದ್ದು ಕೇಳುತ್ತಿದ್ದರೆ ಸಾಕು. ನಡುರಾತ್ರಿ ಎದ್ದು ಕುಂಯ್‌ಗುಟ್ಟಿದರೆ ದೀಪ ಹಾಕದೆ, ಮಾತಾಡದೆ ಹೊರಗೆ ಕರೆದೊಯ್ದು, ಉಚ್ಚೆ ಹೊಯ್ಸಿ, ಮರಳಿ ತಂದು ಬಿಡಿ. ಆಟ ಬೇಡ.

'ಅಳುವಾಗ ತೆಗೆದರೆ ಚಟವಾಗುತ್ತದೆ, ಅತ್ತು ಅತ್ತು ಸುಮ್ಮನಾಗಲಿ ಬಿಡಿ' ಎಂಬ ಸಲಹೆ ಬಹಳ ಜನರ ಬಾಯಲ್ಲಿದೆ. ಅದನ್ನು ಹಾಗೇ ಒಪ್ಪುವುದು ಕಷ್ಟ. ತಿನಿಸು ಮುಗಿದ ಬೇಸರಕ್ಕೆ ಎರಡು ಸಲ ಗೊಣಗಿ ಸುಮ್ಮನಾಗುವುದು ಬೇರೆ. ಅಂಥ ಗೊಣಗಾಟಕ್ಕೆ ತುಸು ಕಾದು, ಸದ್ದು ನಿಂತ ಗಳಿಗೆಯಲ್ಲಿ ಬಾಗಿಲು ತೆರೆಯಬಹುದು. ಮಲಮೂತ್ರದ ಒತ್ತಡಕ್ಕೆ ಚಡಪಡಿಸುವುದು ಬೇರೆ; ಅದಕ್ಕೆ ಕಾಯಿಸಿದರೆ ಮರಿ ಒಳಗೇ ಹೊಲಸು ಮಾಡಿ, ಕಲಿತ ಶಿಸ್ತನ್ನು ಕಳೆದುಕೊಳ್ಳುತ್ತದೆ. ದನಿ ಏರುತ್ತಲೇ ಹೋಗಿ, ಜೊಲ್ಲು ಸುರಿದು ಎದೆ ತೊಯ್ದು, ಉಗುರು ಮುರಿಯುವಂತೆ ಕೆರೆದು, ತಂತಿಯನ್ನು ಹಲ್ಲಿನಿಂದ ಕಚ್ಚಿ ಎಳೆಯುವುದು ಪೂರ್ತಿ ಬೇರೆ. ಅದು ಹಟವಲ್ಲ, ಭೀತಿ. ಆಗ ಕೂಡಲೇ ಬಾಗಿಲು ತೆರೆಯಬೇಕು. ಒಂಟಿಯಾಗಿ ಬಿಟ್ಟಾಗಲೆಲ್ಲ ಹೀಗಾಗುವ ನಾಯಿಗೆ ಕ್ರೇಟ್ ಕಾಯಿಲೆಯನ್ನು ಹೆಚ್ಚಿಸುತ್ತದೆ, ಹಲ್ಲು ದವಡೆಗೆ ಪೆಟ್ಟಾಗುತ್ತದೆ. ಚಿಲಕದ ಪಾಠವನ್ನು ನಿಲ್ಲಿಸಿ ಪಶುವೈದ್ಯರಿಗೆ ತೋರಿಸಬೇಕು. ಸಾಧ್ಯವಾದರೆ ಆ ವರ್ತನೆಯನ್ನು ಮೊಬೈಲಿನಲ್ಲಿ ಚಿತ್ರಿಸಿಕೊಂಡು ಹೋದರೆ ಅವರಿಗೆ ನಿರ್ಣಯ ಸುಲಭ.

ಪಟಾಕಿ, ಪ್ರಯಾಣ

ದೀಪಾವಳಿಗೆ ಎರಡು ದಿನ ಮುಂಚೆ ಕ್ರೇಟ್ ಕೊಂಡು ನಾಯಿಯನ್ನು ಅದರೊಳಗೆ ಹಾಕುವುದರಿಂದ ಪ್ರಯೋಜನವಿಲ್ಲ. ಪಟಾಕಿಯ ಭಯವೂ ಕ್ರೇಟಿನ ಭಯವೂ ಒಂದಕ್ಕೊಂದು ಗಂಟು ಬೀಳುತ್ತವೆ. ಗಣೇಶನ ಮೆರವಣಿಗೆಯ ತಮಟೆಗಿಂತ ತಿಂಗಳು ಎರಡು ತಿಂಗಳು ಮುಂಚೆ ಪಾಠ ಆರಂಭಿಸಿದ್ದರೆ, ಸದ್ದು ಶುರುವಾದೊಡನೆ ನಾಯಿ ತಾನೇ ಕ್ರೇಟನ್ನು ಹುಡುಕಿಕೊಂಡು ಹೋಗುವ ಸಾಧ್ಯತೆಯುಂಟು. ಆ ದಿನ ಕ್ರೇಟಿಗೆ ದಪ್ಪ ದುಪ್ಪಟಿ ಹೊದಿಸಿ, ಗಾಳಿಗೆ ಜಾಗ ಬಿಟ್ಟು, ಬಾಗಿಲನ್ನು ತೆರೆದೇ ಇಡಿ. ಮಂಚದ ಕೆಳಗೆ ನುಸುಳಿದರೆ ಅಲ್ಲಿಯೇ ಇರಲಿ, ಎಳೆದು ತರಬೇಡಿ.

ತಜ್ಞ ಚಿಕಿತ್ಸೆಗಾಗಿ ಈ ಜಿಲ್ಲೆಗಳಿಂದ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ನಾಯಿಯನ್ನು ಕರೆದೊಯ್ಯುವವರಿದ್ದಾರೆ. ಗಂಟೆಗೂ ಮೀರುವ ಆ ಪ್ರಯಾಣಕ್ಕೆ ಕ್ರೇಟ್ ಬಳಸುವುದಾದರೆ ಮೊದಲು ನಿಂತ ಕಾರಿನಲ್ಲಿ, ಆಮೇಲೆ ಎಂಜಿನ್ ಚಾಲೂ ಮಾಡಿ, ಆಮೇಲೆ ಊರ ಒಂದು ಸುತ್ತು ಹಾಕಿಸಿ ರೂಢಿ ಮಾಡಿಸಬೇಕು. ಕ್ರೇಟ್ ಜಾರದಂತೆ ಸೀಟಿಗೆ ಬಿಗಿದು, ಹೊರಡುವ ಎರಡು ಮೂರು ಗಂಟೆ ಮುಂಚೆ ಊಟ ನಿಲ್ಲಿಸಿ, ಟೋಲ್ ದಾಟಿದ ಮೇಲೆ ನೆರಳಿರುವ ಕಡೆ ನಿಲ್ಲಿಸಿ ನೀರು ಕುಡಿಸಬೇಕು. ಚಹಾ ಕುಡಿಯಲೆಂದು ಇಳಿದವರು ನಾಯಿಯನ್ನು ಮುಚ್ಚಿದ ಕಾರಿನಲ್ಲಿ, ಕ್ರೇಟಿನೊಳಗೆ ಬಿಟ್ಟು ಹೋಗಬಾರದು. ಬಿಸಿಲಿಗೆ ನಿಂತ ಕಾರು ಹತ್ತೇ ನಿಮಿಷದಲ್ಲಿ ಅಪಾಯದ ಮಟ್ಟಕ್ಕೆ ಕಾಯುತ್ತದೆ. ನಾಯಿ ವಿಪರೀತ ತೇಕುತ್ತಾ ಒಸಡು ಕೆಂಪೇರಿ ತೂರಾಡಿದರೆ ನೆರಳಿಗೆ ತಂದು, ಮೈಗೆ ತಣ್ಣೀರು ಹೊಯ್ದು ಗಾಳಿ ಬೀಸುತ್ತಾ, ಹೆಬ್ಬಾಳದವರೆಗೆ ಕಾಯದೆ ಹತ್ತಿರದ ಪಶು ಆಸ್ಪತ್ರೆಗೇ ಒಯ್ಯಬೇಕು.